ಮೊದಲು ರಿಜಿಸ್ಟರ್, ಆಮೇಲೆ ಕಟ್ಟಡ: ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಾನು ತಿಪಟೂರು ತಾಲ್ಲೂಕಿನವನು. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆಗಿದ್ದೇನೆ. ಈಗ ತೆಂಗಿನ ತೋಟ, ಮಂಡಿನೋವು, ಬೆಳಿಗ್ಗೆ ಪೇಪರ್, ಇಷ್ಟರಲ್ಲಿ ದಿನ ಹೋಗುತ್ತದೆ. ನಿಮ್ಮ ಟೇಬಲ್ಲಿಗೆ ಎಂಥೆಂಥ ಅರ್ಜಿ ಬರುತ್ತವೆ ಅಂತ ಗೊತ್ತು ಸಾರ್. ರಸ್ತೆ, ಟ್ರಾನ್ಸ್‌ಫಾರ್ಮರ್, ವರ್ಗಾವಣೆ, ಕೊಬ್ಬರಿ ಬೆಂಬಲ ಬೆಲೆ. ಕೊಬ್ಬರಿ ಬೆಲೆಯ ಬಗ್ಗೆ ನನಗೂ ಹೇಳೋದು ಬಹಳ ಇದೆ. ಆದರೆ ಇವತ್ತು ಬರೆಯುತ್ತಿರುವುದು ಒಂದು ಕಲ್ಲಿನ ವಿಷಯ, ಅದರ ಜೊತೆಗೆ ನಮ್ಮ ವಿಶ್ವವಿದ್ಯಾಲಯಕ್ಕೆ ಬೇಕಾದ ಪುರಾತತ್ವ ಮ್ಯೂಸಿಯಂ ವಿಷಯ.

ನಮ್ಮ ಅಪ್ಪ ಕಿಬ್ಬನಹಳ್ಳಿ ಕಡೆಯ ಒಂದು ಇಳಿಜಾರು ಹೊಲದಲ್ಲಿ ತೆಂಗಿನ ಸಸಿ ಇಡೋಕೆ ಗುಂಡಿ ತೆಗೆಸಿದ್ದರು. ನಾನಾಗ ಚಿಕ್ಕ ಹುಡುಗ. ಗುಂಡಿಯ ಮಣ್ಣಿನ ಜೊತೆ ಒಂದು ಕಲ್ಲು ಬಂತು. ಅಂಗೈಗಿಂತ ಸ್ವಲ್ಪ ಉದ್ದ. ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ, ಎರಡೂ ಮೈಯಲ್ಲಿ ಚಕ್ಕೆ ಎಬ್ಬಿಸಿದ ಗುರುತು. ಮಧ್ಯೆ ಅಡ್ಡಡ್ಡ ಒಂದು ಬಿಳಿ ಗೆರೆ. ದಪ್ಪನೆಯ ಕಡೆ ಹಿಡಿದರೆ ಹೆಬ್ಬೆರಳು ತಾನಾಗಿ ಒಂದು ತಗ್ಗಿನಲ್ಲಿ ಕೂರುತ್ತಿತ್ತು. ನಮ್ಮಜ್ಜಿಗೆ ಅದು ತುಂಬ ಹಿಡಿಸಿತು. ಒಲೆ ಪಕ್ಕ ಇಟ್ಟುಕೊಂಡು ಬೆಲ್ಲ ಜಜ್ಜೋಕೆ ಶುರು ಮಾಡಿದಳು. ಏಳೆಂಟು ವರ್ಷ ನಮ್ಮ ಮನೆಯ ಪಾಯಸಕ್ಕೆಲ್ಲ ಬೆಲ್ಲ ಜಜ್ಜಿದ್ದು ಅದೇ ಕಲ್ಲು.

ನಾನು ಕಾಲೇಜಿಗೆ ಹೋದ ಮೇಲೆ ಇತಿಹಾಸದ ಮೇಷ್ಟ್ರು ಪಾಠ ಮಾಡುತ್ತ ಬೋರ್ಡಿನ ಮೇಲೆ ಒಂದು ಚಿತ್ರ ಬರೆದರು. ನನಗೆ ಕೂತಲ್ಲೇ ಮೈ ಜುಮ್ಮೆಂದಿತು. ಅದು ಅಜ್ಜಿಯ ಬೆಲ್ಲದ ಕಲ್ಲು! ಮಾರನೇ ದಿನ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆ. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕೈಗೊಡಲಿ ಕಣೋ, ಹಳೆಯ ಶಿಲಾಯುಗದ್ದು" ಅಂದರು. ಸಾವಿರದ ಲೆಕ್ಕ ಅಲ್ಲ, ಲಕ್ಷದ ಲೆಕ್ಕದಲ್ಲಿ ಹೇಳಬೇಕಾದ ವಯಸ್ಸು ಅಂತಲೂ ಹೇಳಿದರು. ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇಷ್ಟು ದಿನ ನಾನು ಯಾರ ಮನೆ ಕೊಡ್ಲೀಲಿ ಬೆಲ್ಲ ಜಜ್ಜಿದ್ನೋ?" ಅಂತ ಕೇಳಿದಳು. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಆ ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ಆಗಿಲ್ಲ.

ಕಲ್ಲನ್ನು ಕಾಲೇಜಿಗೇ ಕೊಟ್ಟುಬಿಟ್ಟೆ. ಮೇಷ್ಟ್ರು ನೋಟ್‌ಬುಕ್ಕಿನಿಂದ ಒಂದು ಚೀಟಿ ಹರಿದು ಊರು, ಹೊಲ, ಎಷ್ಟು ಆಳದಲ್ಲಿ ಸಿಕ್ಕಿತು, ಎಲ್ಲ ಬರೆದು ಗೋಂದು ಹಚ್ಚಿ ಅಂಟಿಸಿದರು. ಕಪಾಟಿನಲ್ಲಿಟ್ಟರು. 20 ವರ್ಷದ ಮೇಲೆ ನನ್ನ ಶಾಲೆಯ ಮಕ್ಕಳಿಗೆ ತೋರಿಸೋಣ ಅಂತ ಅದೇ ಕಾಲೇಜಿಗೆ ಹೋದೆ. ಯಾವ ಕಾಲೇಜು ಅಂತ ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ. ಕಪಾಟು ಇತ್ತು. ಬೀಗದ ಕೈ ಹುಡುಕೋಕೆ ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ 11 ಕಲ್ಲು ಇದ್ದವು. ಗೋಂದಿನ ರುಚಿಗೆ ಹುಳ ಬಂದು ಚೀಟಿಗಳನ್ನೆಲ್ಲ ತಿಂದು ಹಾಕಿತ್ತು. ನಮ್ಮ ಕಲ್ಲನ್ನು ಬಿಳಿ ಗೆರೆಯಿಂದ ಗುರುತು ಹಿಡಿದೆ. ಉಳಿದ 10 ಕಲ್ಲುಗಳಿಗೆ ಊರೂ ಇಲ್ಲ, ಹೊಲವೂ ಇಲ್ಲ. ಮೇಷ್ಟ್ರು ಯಾವತ್ತೋ ವರ್ಗವಾಗಿ ಹೋಗಿದ್ದರು. ಅವರು ಬಿಟ್ಟುಕೊಟ್ಟ ಚಾರ್ಜ್ ಲಿಸ್ಟಿನಲ್ಲಿ ಬೆಂಚು, ಕುರ್ಚಿ, ಗ್ಲೋಬು, ಗೋಡೆ ಗಡಿಯಾರ ಎಲ್ಲ ಇತ್ತಂತೆ. ಕಲ್ಲು ಮಾತ್ರ ಇರಲಿಲ್ಲ.

ಯಾರ ಮೇಲೂ ದೂರು ಹೇಳೋಕೆ ಇದನ್ನು ಬರೆಯುತ್ತಿಲ್ಲ. ಕಲ್ಲನ್ನು ಯಾರೂ ಕದಿಯಲಿಲ್ಲ, ಒಡೆಯಲಿಲ್ಲ. ಎಲ್ಲಿ ಸಿಕ್ಕಿತು ಅನ್ನೋ ಒಂದು ಸಾಲು ಹೋಯಿತು, ಅಷ್ಟೇ. ಆ ಒಂದು ಸಾಲು ಹೋದರೆ 10 ಕೈಗೊಡಲಿ 10 ಕಲ್ಲಾಗುತ್ತವೆ. ತೋಟದ ಬೇಲಿಗೆ ಇಟ್ಟರೂ ನಡೆಯುತ್ತದೆ.

ಕೆ.ಬಿ. ಕ್ರಾಸ್ (ಕಿಬ್ಬನಹಳ್ಳಿ ಕ್ರಾಸ್) ಅಂದರೆ ಜನಕ್ಕೆ ಬಸ್ ಬದಲಾಯಿಸುವ ಜಾಗ, ಟೀ ಕುಡಿಯುವ ಜಾಗ. ಆದರೆ ನಮ್ಮ ದೇಶದ ಶಿಲಾಯುಗದ ಬಗ್ಗೆ ಓದುವವರಿಗೆ ಕಿಬ್ಬನಹಳ್ಳಿ ಬೇರೆಯೇ ಕಾರಣಕ್ಕೆ ಗೊತ್ತು. 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಮದ್ರಾಸಿನ ಪಕ್ಕದ ಪಲ್ಲಾವರಂನಲ್ಲಿ ಒಂದು ಕಲ್ಲಿನ ಆಯುಧ ಎತ್ತಿಕೊಂಡರು. ಭಾರತದಲ್ಲಿ ಹಳೆಯ ಶಿಲಾಯುಗದ ಹುಡುಕಾಟ ಶುರುವಾಗಿದ್ದು ಅಲ್ಲಿಂದ. ಆ ಸಾಲಿನಲ್ಲಿ ನಮ್ಮ ಕಿಬ್ಬನಹಳ್ಳಿಯೂ ಸೇರಿಕೊಂಡಿತು. ಮೈಸೂರು ವಿಶ್ವವಿದ್ಯಾಲಯದ ಪ್ರೊ. ಎಂ. ಶೇಷಾದ್ರಿ 1950ರ ದಶಕದಲ್ಲೇ ಇಲ್ಲಿನ ಆಯುಧಗಳ ಬಗ್ಗೆ ಬರೆದಿದ್ದರು. ಅವರೇ ಮುಂದೆ ಟಿ. ನರಸೀಪುರದಲ್ಲಿ ಉತ್ಖನನ ಮಾಡಿದವರು. ನಮ್ಮೂರ ಹುಡುಗರನ್ನು ಕೇಳಿ ನೋಡಿ ಸಾರ್. ಹರಪ್ಪ, ಮೊಹೆಂಜೊದಾರೊ ಬಾಯಿಪಾಠ. ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಕಿಬ್ಬನಹಳ್ಳಿ ಗೊತ್ತಿಲ್ಲ. ತಪ್ಪು ಅವರದ್ದಲ್ಲ. ನಾನೇ ಮೊದಲ ಹತ್ತು ವರ್ಷ ಪುಸ್ತಕದಲ್ಲಿದ್ದಷ್ಟನ್ನೇ ಪಾಠ ಮಾಡಿದವನು.

ಈಗ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳುತ್ತೇನೆ. ತುಮಕೂರು ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ. ಬಿದರಕಟ್ಟೆಯಲ್ಲಿ ಅದಕ್ಕೆ ಹೊಸ ಕ್ಯಾಂಪಸ್ ಆಗಿದೆ. ಹೊಸ ಜಾಗ ಅಂದಮೇಲೆ ಹೊಸ ಯೋಜನೆಗಳು ಬರುತ್ತವೆ. ಅಂಥ ಯಾವುದೋ ಮೀಟಿಂಗಿನಲ್ಲಿ ಯಾರಾದರೂ ಒಬ್ಬರು "ಒಂದು ಪುರಾತತ್ವ ಮ್ಯೂಸಿಯಂ ಮಾಡೋಣ" ಅಂದೇ ಅನ್ನುತ್ತಾರೆ. ಅಂದಕೂಡಲೇ ಗ್ರಾನೈಟ್ ನೆಲ, ಗಾಜಿನ ಪೆಟ್ಟಿಗೆ, ಮೇಲಿಂದ ಲೈಟು, ಬಾಗಿಲಲ್ಲಿ ದೊಡ್ಡ ಫಲಕ, ಉದ್ಘಾಟನೆಗೆ ನೀವು. ಅದು ಬೇಡ ಅನ್ನುತ್ತಿಲ್ಲ. ಆದರೆ ವಿಶ್ವವಿದ್ಯಾಲಯದ ಪುರಾತತ್ವ ಮ್ಯೂಸಿಯಂ ಅಂದರೆ ಆ ಹಾಲ್ ಅಲ್ಲ. ಹಾಲ್ ಅದರ ಕೊನೆಯ ಭಾಗ.

ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ನೋಡಿರುತ್ತೀರಿ. 1865ರದ್ದು. ಬೇಗೂರಿನ ವೀರಗಲ್ಲು ಅಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ಕಥೆ ಹೇಳುವ ಆತಕೂರು ಶಾಸನವೂ ಅಲ್ಲಿದೆ. ಅಲ್ಲಿಗೆ ನಾವು ಹೋಗೋದು ಕಣ್ತುಂಬ ನೋಡೋಕೆ. ಚೆನ್ನಾಗಿರುವುದನ್ನು, ಇಡಿಯಾಗಿರುವುದನ್ನು ಆರಿಸಿ ಮುಂದೆ ಇಟ್ಟಿರುತ್ತಾರೆ. ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಇರೋದು ಹೆಚ್ಚಿನಂಶ ಚೂರುಪಾರು. ಮಡಕೆ ಚೂರು, ಚಕ್ಕೆ ಕಲ್ಲು, ತುಕ್ಕು ಹಿಡಿದ ಕಬ್ಬಿಣ, ಮುರಿದ ಬಳೆ, ಮೂಳೆ, ಮಣಿ, ಸುಟ್ಟ ಮಣ್ಣಿನ ಹೆಂಟೆ. ಅವು ಕಣ್ಣಿಗೆ ಹಬ್ಬ ಅಲ್ಲ. ಅವು ಕೆಲಸದ ಸಾಮಾನು. ಮೆಡಿಕಲ್ ಕಾಲೇಜಿನಲ್ಲಿ ಮೂಳೆಗಳನ್ನು ಇಟ್ಟಿರೋದು ಚೆಂದಕ್ಕಲ್ಲ ಅಲ್ವಾ? ಕೈಯಲ್ಲಿ ಹಿಡಿದು ಕಲಿಯದೆ ಡಾಕ್ಟರ್ ಆಗೋಕೆ ಆಗಲ್ಲ. ಇಲ್ಲೂ ಹಾಗೇ.

ಒಂದು ಬೋಕಿ ಚೂರನ್ನೇ ತಗೊಳ್ಳಿ. ನಮ್ಮ ಕಡೆ ಎಷ್ಟೋ ಹಾಳೂರು ದಿಣ್ಣೆಗಳ ಮೇಲೆ ಮಳೆ ಬಂದ ಮಾರನೇ ದಿನ ನಡೆದರೆ ಕಾಲಿಗೆ ಸಿಗುವುದು ಅದೇ. ಒಳಗೆ ಕಪ್ಪು, ಹೊರಗೆ ಕೆಂಪು, ಕೈಯಾಡಿಸಿದರೆ ನುಣುಪು. ಇದು ಬೃಹತ್ ಶಿಲಾಯುಗದ ಜನ ಮಾಡುತ್ತಿದ್ದ ಮಡಕೆ. ನಾವು ಪಾಂಡವರ ಮನೆ, ಮೋರ್ಯರ ಮನೆ ಅಂತ ಕರೆಯುವ ಕಲ್ಲುಚಪ್ಪಡಿ ಗೋರಿಗಳನ್ನು ಕಟ್ಟಿದವರು ಅವರೇ. ಒಂದೇ ಮಡಕೆಗೆ ಎರಡು ಬಣ್ಣ ಹೇಗೆ? ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಬಾಯಿ ಮತ್ತು ಒಳಮೈಗೆ ಗಾಳಿ ಆಡುವುದಿಲ್ಲ, ಹೊಗೆ ಕೂತು ಕಪ್ಪಾಗುತ್ತದೆ. ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಪುಸ್ತಕದಲ್ಲಿ ಇದು ಎರಡು ಸಾಲು. ಚೂರನ್ನು ಕೈಗೆ ಕೊಟ್ಟು, ಮುರಿದ ಅಂಚನ್ನು ಬೆಳಕಿಗೆ ಹಿಡಿಯೋಕೆ ಹೇಳಿದರೆ ಹುಡುಗ ಜೀವಮಾನದಲ್ಲಿ ಮರೆಯಲ್ಲ. ಅಂಚಿನಲ್ಲಿ ಕಪ್ಪು ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಗುತ್ತದೆ ಅನ್ನೋದು ಗೆರೆ ಎಳೆದ ಹಾಗೆ ಕಾಣುತ್ತದೆ.

ಇನ್ನೊಂದು ಸಂಗತಿ ಹೇಳಬೇಕು, ನನಗೆ ತುಂಬ ಇಷ್ಟವಾದದ್ದು. ಉತ್ಖನನದ ವರದಿಗಳಲ್ಲಿ ಮಡಕೆ ಚೂರನ್ನೇ ಉಜ್ಜಿ ದುಂಡಗೆ ಮಾಡಿದ ಬಿಲ್ಲೆಗಳ ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಪಂಡಿತರು ಅದಕ್ಕೆ ಇಂಗ್ಲಿಷಿನಲ್ಲಿ ಹಾಪ್‌ಸ್ಕಾಚ್ ಅಂತ ಬರೆಯುತ್ತಾರೆ. ಹಾಪ್‌ಸ್ಕಾಚ್ ಅಂದರೆ ನಮ್ಮ ಕುಂಟೆಬಿಲ್ಲೆ! ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬಳು ಎದ್ದು ನಿಂತು, "ಸಾರ್, ನಮ್ಮ ಬಿಲ್ಲೆನೂ ಮ್ಯೂಸಿಯಂಗೆ ತಗೋತಾರಾ?" ಅಂದಳು. ಇಡೀ ಕ್ಲಾಸು ನಕ್ಕಿತು. ಅವಳ ಪ್ರಶ್ನೆ ಸರಿಯಾಗೇ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಚೂರುಪಾರುಗಳನ್ನು ಯಾಕೆ ಜೋಪಾನ ಮಾಡಬೇಕು? ಇವತ್ತು ಕೇಳೋಕೆ ಹೊಳೆಯದ ಪ್ರಶ್ನೆಯನ್ನು ನಾಳೆ ಬೇರೆ ಯಾರೋ ಕೇಳುತ್ತಾರೆ, ಅದಕ್ಕೆ. ಹಿಂದೆ ಉತ್ಖನನ ಮಾಡುವಾಗ ಒಲೆಯ ಬೂದಿ ಮಣ್ಣನ್ನು ಎತ್ತಿ ಆಚೆ ಸುರಿಯುತ್ತಿದ್ದದ್ದೇ ಜಾಸ್ತಿ. ಆಮೇಲೆ ಒಂದು ಸುಲಭದ ಉಪಾಯ ಬಂತು. ಆ ಮಣ್ಣನ್ನು ನೀರಿನ ಬಕೆಟ್ಟಿಗೆ ಹಾಕಿ ಕದಡೋದು. ಮಣ್ಣು ತಳಕ್ಕೆ ಹೋಗುತ್ತದೆ, ಸುಟ್ಟು ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡೋದು. ನಮ್ಮಮ್ಮ ಅಕ್ಕಿ ತೊಳೆಯುವಾಗ ಜೊಳ್ಳು ತೇಲಿಸುತ್ತಿದ್ದಳಲ್ಲ, ಅದೇ. ಹೀಗೆ ನೋಡಿದಾಗ ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆ ದಡದ ಹಳ್ಳೂರು, ಇಂಥ ನವಶಿಲಾಯುಗದ ಊರುಗಳಲ್ಲಿ ಜನ ಏನು ಬೆಳೆದು ಉಣ್ಣುತ್ತಿದ್ದರು ಅಂತ ಗೊತ್ತಾಯಿತು. ಹುರುಳಿ, ಹೆಸರು, ಕೊರಲೆ.

ಕೊರಲೆ ಸಾರ್! ನಮ್ಮ ಜಿಲ್ಲೆಯ ಬೆದ್ದಲು ಹೊಲಗಳಲ್ಲಿ ಇವತ್ತಿಗೂ ಬಿತ್ತುವ ಕೊರಲೆ. ನೆಂಟರು ಬಂದಾಗ ಅಕ್ಕಿ, ಮನೆಮಂದಿಗೆ ಕೊರಲೆ ಅನ್ನ ಅಂತ ಬೇರೆ ಅಟ್ಟಿ ಕೀಳು ಮಾಡಿದ್ದ ಕೊರಲೆ. ಈಗ ಸಿರಿಧಾನ್ಯ ಅಂತ ಪ್ಯಾಕೆಟ್ಟಿನಲ್ಲಿ ಬೆಂಗಳೂರಿನ ಅಂಗಡಿ ಸೇರಿದೆ. ಅದೂ ನಮ್ಮ ಬಸ್ಸಾರಿನ ಹುರುಳಿಕಾಳೂ ಸುಮಾರು 4,000 ವರ್ಷದ ಹಿಂದಿನ ಒಲೆಯ ಬೂದಿಯಲ್ಲಿ ಸಿಕ್ಕಿವೆ. ಇದನ್ನು ಯಾವ ತಾಮ್ರಪಟವೂ ಹೇಳಿಲ್ಲ, ಯಾವ ರಾಜನೂ ಕಲ್ಲಿನ ಮೇಲೆ ಕೆತ್ತಿಸಿಲ್ಲ. ಸಾಸಿವೆಯಷ್ಟು ದೊಡ್ಡ ಕಪ್ಪು ಕಾಳು ಹೇಳಿತು. ಅಂಥ ಕಾಳನ್ನು ಯಾವ ಗುಂಡಿಯ, ಯಾವ ಪದರದ್ದು ಅಂತ ಬರೆದ ಪುಟ್ಟ ಡಬ್ಬಿಯಲ್ಲಿಟ್ಟು ಕಾಪಾಡುವ ಜಾಗಕ್ಕೆ ವಿಶ್ವವಿದ್ಯಾಲಯದ ಪುರಾತತ್ವ ಮ್ಯೂಸಿಯಂ ಅನ್ನಬೇಕು. ಆ ಡಬ್ಬಿ ನೋಡೋಕೆ ಟಿಕೆಟ್ ತಗೊಂಡು ಯಾರೂ ಬರಲ್ಲ. ಆದರೂ ಇಡೀ ಮ್ಯೂಸಿಯಂನಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಅದೇ ಇರಬಹುದು.

ನನ್ನ ಮಾತು ಕೇಳಿ ಕೆಲವರು "ಹಾಗಾದರೆ ಜಿಲ್ಲೆಯ ವೀರಗಲ್ಲುಗಳನ್ನೆಲ್ಲ ಲಾರಿಯಲ್ಲಿ ಹೇರಿಕೊಂಡು ಬಿದರಕಟ್ಟೆಗೆ ತಂದುಬಿಡೋಣ" ಅನ್ನುತ್ತಾರೆ. ದಯವಿಟ್ಟು ಬೇಡ. ಊರ ಬಾಗಿಲಲ್ಲಿ ನಿಂತು, ವರ್ಷಕ್ಕೊಮ್ಮೆ ಎಣ್ಣೆ ಅರಿಶಿನ ಹಚ್ಚಿಸಿಕೊಳ್ಳುವ ಕಲ್ಲು ಅಲ್ಲೇ ಇರಲಿ. ಕೆಳಗೆ ತುರು ಕಾಯುತ್ತ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಶಿವನ ಮುಂದೆ ಕೂತಿರೋದು. ಆ ವೀರ ಸತ್ತದ್ದು ಆ ಊರಿನ ದನಗಳಿಗೋಸ್ಕರ. ಅವನನ್ನು ಎಬ್ಬಿಸಿ ಗಾಜಿನ ಪೆಟ್ಟಿಗೆ ಪಕ್ಕ ನಿಲ್ಲಿಸಿದರೆ ಅವನೂ ವರ್ಗಾವಣೆ ಆದ ಮೇಷ್ಟ್ರ ಥರ ಆಗುತ್ತಾನೆ. ಸತಿ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿಗೂ ಇದೇ ಮಾತು. ಬಳೆ ತೊಟ್ಟ ಆ ತೋಳು ಯಾವ ಊರಿನ ಕಡೆ ಎತ್ತಿದೆಯೋ ಅಲ್ಲೇ ಇರಬೇಕು.

ಚರಂಡಿ ಚಪ್ಪಡಿ ಆಗಿರುವ ಕಲ್ಲು, ಬಟ್ಟೆ ಒಗೆಯೋಕೆ ಹಾಕಿಕೊಂಡ ಕಲ್ಲು, ರಸ್ತೆ ಅಗಲ ಮಾಡುವಾಗ ಕಿತ್ತು ಬಿಸಾಕಿದ ಕಲ್ಲು, ಇವನ್ನು ತನ್ನಿ. ಉಳಿದದ್ದರ ಪಡಿಯಚ್ಚು ತೆಗೆಯಿರಿ. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಸಂದಿಗೆಲ್ಲ ಕೂರಿಸಿ, ಮೇಲೆ ಮಸಿ ಒತ್ತುವ ಹಳೇ ವಿದ್ಯೆ ಅದು. ಅಕ್ಷರದ ತಗ್ಗು ಬಿಳಿಯಾಗೇ ಉಳಿಯುತ್ತದೆ. ಎಪಿಗ್ರಾಫಿಯ (ಶಾಸನ ಓದುವ ವಿದ್ಯೆಯ) ಕ್ಲಾಸು ಅಂದರೆ ಮೊದಲು ಇದು ಅಲ್ವಾ? ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಎದ್ದು ಬರುತ್ತದೆ. ನಮ್ಮ ಹುಡುಗರ ಕೈಗೂ ಅದು ಬರಬೇಕು. 1904ರಲ್ಲಿ ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನೇ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟವಾಗಿ ಪ್ರಿಂಟ್ ಮಾಡಿಸಿದರು. ಆ ಪುಸ್ತಕ ಹಿಡಿದುಕೊಂಡು ಹತ್ತೂ ತಾಲ್ಲೂಕು ಸುತ್ತಿ, ಯಾವ ಕಲ್ಲು ಈಗ ಎಲ್ಲಿದೆ, ಯಾವುದಕ್ಕೆ ಎನಾಮಲ್ ಪೇಂಟ್ ಬಳಿದಿದ್ದಾರೆ, ಯಾವುದು ಇಲ್ಲವೇ ಇಲ್ಲ ಅಂತ ಬರೆದುಕೊಂಡು ಬಂದರೂ ಸಾಕು, ಎಂ.ಎ. ಹುಡುಗರಿಗೆ ಎರಡು ವರ್ಷದ ಕೆಲಸ. ಎನಾಮಲ್ ಪೇಂಟಿನ ವಿಷಯ ಬಂದರೆ ನನಗೆ ಬಿ.ಪಿ. ಏರುತ್ತದೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಹೀಗೆ ಓಡಾಡಿದರೆ ಇನ್ನೊಂದು ಲಾಭ ಇದೆ. ತುಮಕೂರಿನ ಪಕ್ಕದ ಕೈದಾಳಕ್ಕೆ ಹೋದವರೆಲ್ಲ ಜಕಣಾಚಾರಿಯ ಕಪ್ಪೆ ಕಥೆ ಕೇಳಿಕೊಂಡು ಬರುತ್ತಾರೆ. ಒಳ್ಳೆ ಕಥೆ, ನಾನೂ ಹೇಳುತ್ತಿದ್ದೆ. ಆದರೆ ಅದೇ ಊರಿನ ಶಾಸನದಲ್ಲಿ ಇರೋದು ಗೂಳೆ ಬಾಚಿ ಅನ್ನೋ ಸಾಮಂತನ ಹೆಸರು. 1150ರ ಸುಮಾರಿನವನು, ಹೊಯ್ಸಳ ನರಸಿಂಹನ ಕೈಕೆಳಗಿನವನು. ಕಥೆ ಒಂದು ಕಡೆ ಇರಲಿ, ಶಾಸನ ಇನ್ನೊಂದು ಕಡೆ ಇರಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋದು ಹೇಗೆ ಅಂತ ಕಲಿಸೋಕೆ ಒಂದು ಜಾಗ ಬೇಕು. ಕ್ಲಾಸ್ ರೂಮಿನಲ್ಲಿ ಪಿ.ಪಿ.ಟಿ. ತೋರಿಸಿ ಅದು ಆಗಲ್ಲ.

ನಮ್ಮ ಸಾಮಾನು ಬೇರೆ ಕಡೆ ಹೋಗಿದೆ ಅಂತ ಹಲವರಿಗೆ ಹೊಟ್ಟೆಕಿಚ್ಚು. ನೊಳಂಬರನ್ನೇ ನೋಡಿ. ಶಿರಾ, ತಿಪಟೂರು, ಈ ಕಡೆಯೆಲ್ಲ ಆಳಿದವರು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿನ ದೇವರು. ಕತ್ತು ನೋಯುವ ತನಕ ನೋಡಬೇಕು, ಅಂಥದ್ದು. ಅವರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ನಮ್ಮ ಶಿರಾ ಗಡಿಗೆ ಅಂಟಿಕೊಂಡ ಹಾಗೆ ಆಂಧ್ರದಲ್ಲಿದೆ. ಹೇಮಾವತಿಯ ಶಿಲ್ಪಗಳು ಚೆನ್ನೈನ ಸರ್ಕಾರಿ ಮ್ಯೂಸಿಯಂ ಸೇರಿವೆ. ನೊಳಂಬರ ಕಂಬಗಳನ್ನಂತೂ ಚೋಳರು ಸಾವಿರ ವರ್ಷದ ಹಿಂದೆಯೇ ಕಾವೇರಿ ದಡದ ತಿರುವಯ್ಯಾರಿಗೆ ಹೊತ್ತುಕೊಂಡು ಹೋದರು. ಹೋಗಿದ್ದು ಹೋಯಿತು. ನನಗೆ ಅದರ ಬಗ್ಗೆ ಅಷ್ಟು ಬೇಜಾರಿಲ್ಲ. ಯಾಕೆಂದರೆ ಚೆನ್ನೈನಲ್ಲಿ ಅವುಗಳ ಮುಂದೆ ಹೇಮಾವತಿ ಅಂತ ಊರಿನ ಹೆಸರು ಉಳಿದಿದೆ. ನಮ್ಮ ತಾಲ್ಲೂಕಿನಲ್ಲೇ ಉಳಿದ ಆ 10 ಕಲ್ಲುಗಳಿಗೆ ಊರು ಇಲ್ಲ. ನಿಜವಾಗಿ ಕಳೆದುಹೋಗಿರೋದು ಯಾವುದು, ನೀವೇ ಹೇಳಿ.

ಈಗಲೂ ದಿನಾ ಕಳೆಯುತ್ತಲೇ ಇದೆ. ಜಿಲ್ಲೆಯಲ್ಲಿ ಇಷ್ಟೊಂದು ನೆಲ ಅಗೆದ ಕಾಲ ಇನ್ನೊಂದಿಲ್ಲ. ಎತ್ತಿನಹೊಳೆ ಕಾಲುವೆ, ಹೆದ್ದಾರಿ ಅಗಲೀಕರಣ, ಕೃಷಿ ಹೊಂಡ, ಲೇಔಟು. ಪಾವಗಡದ ಸೋಲಾರ್ ಪಾರ್ಕ್ ಒಂದೇ ಸುಮಾರು 13,000 ಎಕರೆ. ಅಭಿವೃದ್ಧಿ ಬೇಡ ಅನ್ನೋನು ನಾನಲ್ಲ. ನಮ್ಮ ತೋಟಕ್ಕೂ ನೀರು ಬೇಕು. ಜೆಸಿಬಿ ಬಕೆಟ್ಟು ಏಳುವಾಗ ಆ ಮಣ್ಣಲ್ಲಿ ಏನಿದೆ ಅಂತ ನೋಡುವ ಒಂದು ಜೊತೆ ಕಣ್ಣು ಪಕ್ಕದಲ್ಲಿ ಇರಲಿ ಅಂತ ಅಷ್ಟೇ. ಆ ಕಣ್ಣು ಎಲ್ಲಿಂದ ಬರಬೇಕು? ಬೋಕಿ ಚೂರು ಹಿಡಿದು ಕಲಿತ ಹುಡುಗ ಹುಡುಗಿಯರಿಂದಲೇ ಬರಬೇಕು.

ಸಿಕ್ಕಿದವರು ಯಾಕೆ ತಂದುಕೊಡಲ್ಲ ಅಂತಲೂ ಹೇಳುತ್ತೇನೆ. ನನಗೆ ಗೊತ್ತಿರುವ ಒಬ್ಬರು ಕೊಟ್ಟಿಗೆಗೆ ಪಾಯ ತೆಗೆಯುವಾಗ ಒಂದು ಕುಡಿಕೆಯಲ್ಲಿ ತಾಮ್ರದ ಕಾಸು ಸಿಕ್ಕಿತು. ಊರು ಹೇಳಲ್ಲ. ಆನೆ ಚಿತ್ರದ ಕಾಸು, ಮೈಸೂರು ಸೀಮೆಯ ಹಳೇ ದುಡ್ಡು. ಹಸಿರು ಕಿಲುಬು ಹತ್ತಿತ್ತು. ಮನೆಯವರೆಲ್ಲ ಕೂತು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಥಳಥಳ ಹೊಳೆಯಿತು, ನಿಜ. ಆನೆ ಮಾತ್ರ ಮಾಯ. ಸೊಂಡಿಲು ಇತ್ತೇನೋ ಅನ್ನೋ ಹಾಗೆ ಒಂದು ನೆರಳು ಉಳಿದಿತ್ತು. ಆಮೇಲೆ ಅಣ್ಣತಮ್ಮಂದಿರು ಹಂಚಿಕೊಂಡರು. "ಯಾರಿಗಾದರೂ ತೋರಿಸಬಾರದಿತ್ತಾ ಯಜಮಾನ್ರೇ?" ಅಂತ ಕೇಳಿದೆ. "ತೋರ್ಸಿದ್ರೆ ಪೊಲೀಸು, ಪಂಚನಾಮೆ, ನಿಧಿ ಆಸೆಗೆ ಅಗೆದ ಅಂತ ಕೇಸು. ನಂಗ್ಯಾಕೆ ಮೇಷ್ಟ್ರೇ?" ಅಂದರು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1962ರ ಕಾಯ್ದೆ ಇದೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಕೇಂದ್ರದ ಕಾಯ್ದೆ ಇದೆ. ಎರಡೂ ಒಳ್ಳೆಯ ಉದ್ದೇಶದವೇ. ಆದರೆ ರೈತನಿಗೆ ಕಾಯ್ದೆ ಅಂದರೆ ಭಯ. ಮೇಷ್ಟ್ರು ಅಂದರೆ ಅಷ್ಟು ಭಯ ಇಲ್ಲ. ಆ ಜಾಗದಲ್ಲೇ ವಿಶ್ವವಿದ್ಯಾಲಯ ಕೆಲಸಕ್ಕೆ ಬರೋದು. ಕಾಯ್ದೆ ಪ್ರಕಾರ ಎಲ್ಲಿಗೆ ಏನು ತಿಳಿಸಬೇಕೋ ಅದನ್ನು ಅವರೇ ರೈತನ ಪಕ್ಕ ನಿಂತು ತಿಳಿಸಲಿ, ಕಾಗದ ಬರೆದುಕೊಡಲಿ. ವಸ್ತುವಿನ ಮುಂದೆ ಅವನ ಹೆಸರು ಹಾಕಲಿ.

ವಿಷಯ ಅಂದರೆ ಪುರಾತತ್ವ ಇಲಾಖೆ ಒಂದು ಕಡೆ, ಜಿಲ್ಲಾಧಿಕಾರಿ ಕಚೇರಿ ಒಂದು ಕಡೆ, ವಿಶ್ವವಿದ್ಯಾಲಯ ಇನ್ನೊಂದು ಕಡೆ. ಮೂವರೂ ಅವರವರ ಫೈಲಿನಲ್ಲಿ ಸರಿಯಾಗಿದ್ದಾರೆ. ಕಲ್ಲು ಮಾತ್ರ ಮೂರು ಫೈಲಿನ ನಡುವೆ ಬೀಳುತ್ತದೆ. ಅವರನ್ನೆಲ್ಲ ಒಂದೇ ಟೇಬಲ್ಲಿನ ಸುತ್ತ ಕೂರಿಸುವ ಅಧಿಕಾರ ಜಿಲ್ಲೆಯಲ್ಲಿ ಒಬ್ಬರಿಗೇ ಇರೋದು, ನಿಮಗೆ. ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸೋಕೆ ಕೆಡಿಪಿ ಸಭೆ ನಡೆಸುತ್ತೀರಲ್ಲ, ಮುಂದಿನ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಕುಲಪತಿಗಳನ್ನೂ ಕರೆಯಿರಿ. ಪುರಾತತ್ವ ಓದಿರುವ ಒಬ್ಬರನ್ನು ಪೂರ್ತಿ ಹೊತ್ತಿನ ಕ್ಯುರೇಟರ್ ಅಂತ ನೇಮಿಸೋದು ಹೇಗೆ ಅಂತ ಕೇಳಿ. ಇಬ್ಬರು ಅತಿಥಿ ಉಪನ್ಯಾಸಕರಿಗೆ "ಇದನ್ನೂ ನೋಡಿಕೊಳ್ಳಿ" ಅಂತ ಹೇಳಿದರೆ ಮತ್ತೆ ಅದೇ ಕಪಾಟು, ಅದೇ ಹುಳ. ಮಳೆಗಾಲದಲ್ಲಿ ಸೋರದ ಒಂದು ಉಗ್ರಾಣ ಮೊದಲು ಆಗಲಿ. ಕಬ್ಬಿಣಕ್ಕೆ ತೇವ ಆಗಲ್ಲ, ನಾಣ್ಯಕ್ಕೆ ಕಿಲುಬು ಮತ್ತೆ ಹಿಡಿಯುತ್ತದೆ, ಇದನ್ನೆಲ್ಲ ಬಲ್ಲವರು ಬೇಕು. ನಂಬರ್ ಬರೆಯೋಕೂ ಒಂದು ಕ್ರಮ ಇದೆ. ವಸ್ತುವಿನ ಕಣ್ಣಿಗೆ ಬೀಳದ ಮೂಲೆಯಲ್ಲಿ, ಬೇಕಾದರೆ ತೆಗೆಯಲು ಬರುವ ಮೆರುಗೆಣ್ಣೆಯ ಒಂದು ಪಟ್ಟಿ ಬಳಿದು, ಅದರ ಮೇಲೆ ಇಂಕಿನಲ್ಲಿ ನಂಬರ್, ಮೇಲೆ ಇನ್ನೊಂದು ಪಟ್ಟಿ. ಅದೇ ನಂಬರ್ ರಿಜಿಸ್ಟರಿನಲ್ಲಿ. ಊರು, ಸರ್ವೆ ನಂಬರ್, ಆಳ, ತಂದವರು, ದಿನಾಂಕ. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಗಟ್ಟಿ ಬೈಂಡಿನ ಪುಸ್ತಕದಲ್ಲಿ ಇನ್ನೊಂದು. ಚಾರ್ಜ್ ಕೊಡುವಾಗ ಕುರ್ಚಿ ಎಣಿಸುವ ಹಾಗೆ ಇದನ್ನೂ ಎಣಿಸಿ ಸಹಿ ಹಾಕಬೇಕು.

"ಮ್ಯೂಸಿಯಂಗೆ ಯಾರು ಬರ್ತಾರೆ ಬಿಡಿ" ಅಂತ ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಬೀಗ ಹಾಕಿಟ್ಟರೆ ಯಾರೂ ಬರಲ್ಲ. ತಿಂಗಳಿಗೆ ಒಂದು ಶನಿವಾರ ತೆರೆದಿಡಿ. ಒಂದು ಮೇಜಿನ ಮೇಲೆ "ಮುಟ್ಟಿ ನೋಡಿ" ಅಂತ ಬೋರ್ಡ್ ಹಾಕಿ, ಮುಟ್ಟಿದರೆ ಹಾಳಾಗದ ನಾಲ್ಕು ಕಲ್ಲು, ಹತ್ತು ಬೋಕಿ ಚೂರು ಇಡಿ. ಹೆಸರುಪಟ್ಟಿ ಕನ್ನಡದಲ್ಲಿ ಇರಲಿ, ಅದೂ ನಮ್ಮ ಕನ್ನಡದಲ್ಲಿ. "ಮೃತ್ಪಾತ್ರೆಯ ಖಂಡ" ಅಂತ ಬರೆದರೆ ಏಳನೇ ಕ್ಲಾಸಿನ ಹುಡುಗ ಓಡಿಹೋಗುತ್ತಾನೆ. ಜನರೂ ಅವರ ಮನೆಯಲ್ಲಿರೋದನ್ನು ತರಲಿ. ಇಟ್ಟುಕೊಳ್ಳೋದು ಬೇಡ, ನೋಡಿ, ಫೋಟೋ ತೆಗೆದು, ಬರೆದುಕೊಂಡು ವಾಪಸ್ ಕಳಿಸಿದರೂ ಆಯಿತು.

ಇದೇನು ಹೊಸ ಹುಚ್ಚಲ್ಲ. ಆಕ್ಸ್‌ಫರ್ಡಿನವರು 1683ರಲ್ಲೇ ಆಶ್ಮೋಲಿಯನ್ ಮ್ಯೂಸಿಯಂ ತೆರೆದಿದ್ದರು. ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಮ್ಯೂಸಿಯಂ 1937ರದ್ದು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರದ್ದು, ಅಲ್ಲೂ ಸಂಗ್ರಹ ಇದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಂತೂ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳ ಮೇಲೆ ಮೈಸೂರು ವಿಶ್ವವಿದ್ಯಾಲಯ ಅಂತಲೇ ಪ್ರಿಂಟ್ ಆಗುತ್ತಿತ್ತು. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಡಾ. ಎಂ.ಎಚ್. ಕೃಷ್ಣ ಇಲಾಖೆಯ ನಿರ್ದೇಶಕರೂ ಹೌದು, ವಿಶ್ವವಿದ್ಯಾಲಯದ ಪ್ರೊಫೆಸರೂ ಹೌದು. ಅವರು ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿದ್ದು ನಮ್ಮ ಪಕ್ಕದ ಚಿತ್ರದುರ್ಗದಲ್ಲೇ. ಇಲಾಖೆ ಮತ್ತು ಕ್ಲಾಸ್ ರೂಮು ಒಂದೇ ಮನೆಯಲ್ಲಿದ್ದ ಕಾಲ ಇತ್ತು ಸಾರ್.

ಆ ಕಪಾಟಿನಿಂದ ನಮ್ಮ ಕಲ್ಲನ್ನು ನಾನು ವಾಪಸ್ ತರಲಿಲ್ಲ. ಒಮ್ಮೆ ಕೊಟ್ಟದ್ದು ಕೊಟ್ಟ ಹಾಗೆ. ಒಂದು ಹೊಸ ಚೀಟಿ ಬರೆದು, ಈ ಸಲ ಗೋಂದು ಹಾಕದೆ ದಾರದಲ್ಲಿ ಕಟ್ಟಿ ಬಂದೆ. ಆದರೆ ಆಮೇಲೆ ತೋಟದಲ್ಲಿ ಟ್ರೆಂಚ್ ಹೊಡೆಸುವಾಗ ಇನ್ನೂ ಮೂರು ಕಲ್ಲು ಸಿಕ್ಕಿವೆ. ಒಂದು ಕೈಗೊಡಲಿ, ಎರಡು ಚಕ್ಕೆ. ಬಿಸ್ಕೆಟ್ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದೇನೆ. ಒಂದೊಂದರ ಜೊತೆಗೂ ಸರ್ವೆ ನಂಬರ್, ಎಷ್ಟು ಅಡಿ ಆಳ, ಎಡಗಡೆ ಯಾವ ಮರ ಅಂತ ಬರೆದಿದ್ದೇನೆ. ನನ್ನ ಹೆಂಡತಿ ಬೆಲ್ಲ ಜಜ್ಜೋಕೆ ಇದುವರೆಗೂ ಕೇಳಿಲ್ಲ. ಬಿದರಕಟ್ಟೆಗೆ ಬಸ್ಸಿನಲ್ಲಿ ನಾನೇ ತಂದುಕೊಡುತ್ತೇನೆ. ಅಲ್ಲಿ ಯಾರ ಕೈಗೆ ಕೊಟ್ಟು ರಸೀದಿ ಇಸ್ಕೋಬೇಕು ಅಂತ ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಮೇಷ್ಟ್ರು,
ತಿಪಟೂರು ತಾಲ್ಲೂಕು